ಕಾಲಿನಿಂದ ನಡೆಸುವ ಅಡ್ಡ ಡ್ರಿಲ್ಲಿಂಗ್ ಯಂತ್ರ: ಮರಗೆಲಸಕ್ಕೆ ಹೊಂದುವ ವಿನ್ಯಾಸ ಹೇಗಿರಬೇಕು?

ಗೂಟದಕೀಲು

ಎಲ್ಲರಿಗೂ ನಮಸ್ಕಾರ. ಕುರ್ಚಿ, ಮೇಜು, ಕಪಾಟುಗಳನ್ನು ಗೂಟ (ಮರದ ದುಂಡು ಕಡ್ಡಿ, ಡೋವೆಲ್) ಹಾಕಿ ಜೋಡಿಸುವಾಗ ಪಟ್ಟಿಯ ತುದಿಮುಖದಲ್ಲಿ ನೇರವಾದ ರಂಧ್ರ ಕೊರೆಯುವುದೇ ಅತ್ಯಂತ ಕಷ್ಟದ ಹಂತ. ನಿಲುವು ಡ್ರಿಲ್ಲಿಂಗ್ ಯಂತ್ರದ ಕೆಳಗೆ ಒಂದು ಮೀಟರ್ ಉದ್ದದ ಪಟ್ಟಿಯನ್ನು ನಿಲ್ಲಿಸಲು ಜಾಗವಿರುವುದಿಲ್ಲ, ಕೈಡ್ರಿಲ್ಲಿನಲ್ಲಿ ಕೊರೆದರೆ ಪ್ರತಿ ರಂಧ್ರವೂ ಒಂದೊಂದು ದಿಕ್ಕಿಗೆ ವಾಲುತ್ತದೆ. ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ, ಡ್ರಿಲ್ ಬಿಟ್ಟನ್ನು ಅಡ್ಡಲಾಗಿ ಒಳಗೆ ತಳ್ಳಿದರೆ ಉದ್ದದ ತೊಂದರೆಯೇ ಇರುವುದಿಲ್ಲ. ತಳ್ಳುವ ಕೆಲಸವನ್ನು ಕಾಲಿಗೆ ಒಪ್ಪಿಸಿದರೆ ಎರಡು ಕೈಗಳೂ ಮರವನ್ನು ಹಿಡಿಯಲು ಬಿಡುವಾಗುತ್ತವೆ. ಅಂತಹ ಒಂದು ಯಂತ್ರವನ್ನು ನಾನೇ ಕಟ್ಟಿಕೊಳ್ಳಬೇಕೆಂದಿದ್ದೇನೆ.

ನನ್ನ ಮನಸ್ಸಿನಲ್ಲಿರುವ ವಿನ್ಯಾಸ ಹೀಗಿದೆ. ಅರ್ಧ ಅಶ್ವಶಕ್ತಿಯ, ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನ ದಂಡಕ್ಕೆ (ಶಾಫ್ಟ್), ಬಿಟ್ಟನ್ನು ಹಿಡಿಯುವ ಚಕ್ ಅನ್ನು ನೇರವಾಗಿ ಕೂರಿಸುವುದು. ಮೋಟಾರನ್ನು ಡ್ರಾಯರ್‌ಗಳಿಗೆ ಹಾಕುವ ಜಾರುಹಳಿಗಳ ಮೇಲಿಟ್ಟು ಹಿಂದೆ ಮುಂದೆ ಓಡುವಂತೆ ಮಾಡುವುದು. ನೆಲದ ಹತ್ತಿರ ತಿರುಗುಗೂಟವಿರುವ, ಎಲ್ ಆಕಾರದ ಒಂದು ಸನ್ನೆಯನ್ನು (ಲಿವರ್) ಅಳವಡಿಸುವುದು. ಅದರ ಪಾದದ ತೋಳು 450 ಮಿ.ಮೀ., ಮೇಲಕ್ಕೇರಿ ಮೋಟಾರನ್ನು ತಳ್ಳುವ ತೋಳು 700 ಮಿ.ಮೀ. ಹಿಂದಕ್ಕೆ ಎಳೆಯಲು ಒಂದು ಸ್ಪ್ರಿಂಗ್. ರಂಧ್ರದ ಆಳವನ್ನು ನಿಗದಿಪಡಿಸಲು ಪೆಡಲಿನ ಕೆಳಗೆ ಒಂದು ಮರದ ಅಡ್ಡೆ.

ಮೋಟಾರು ಚಲಿಸಬೇಕೇ ಅಥವಾ ಮರವಿರುವ ಮೇಜು ಚಲಿಸಬೇಕೇ ಎಂಬುದು ನನ್ನ ಮೊದಲ ಪ್ರಶ್ನೆ. ಈ ಸನ್ನೆಯಿಂದ ಗಟ್ಟಿಮರವನ್ನು ಕೊರೆಯುವಷ್ಟು ಒತ್ತಡ ಸಿಗುತ್ತದೆಯೇ ಎಂಬುದು ಎರಡನೆಯದು. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಜಾರುಹಳಿ

ಗೂಟದಕೀಲು ಅವರೇ, ಮೊದಲ ಪ್ರಶ್ನೆಗೆ ಉತ್ತರ ನೀವು ಕೊರೆಯುವ ಮರದ ಗಾತ್ರದ ಮೇಲೆ ನಿಂತಿದೆ. ಚಿಕ್ಕ ತುಂಡುಗಳೇ ಹೆಚ್ಚಾಗಿದ್ದರೆ ಮೇಜು ಚಲಿಸುವುದು ಸುಲಭ, ಏಕೆಂದರೆ ತಿರುಗುವ ಭಾಗ ಸ್ಥಿರವಾಗಿರುತ್ತದೆ, ಬೆಲ್ಟ್ ಮತ್ತು ವಿದ್ಯುತ್ ತಂತಿಗಳು ಅಲುಗಾಡುವುದಿಲ್ಲ. ಆದರೆ ಎರಡು ಮೀಟರ್ ಉದ್ದದ ಪಟ್ಟಿಯನ್ನು ಚಲಿಸುವ ಮೇಜಿನ ಮೇಲಿಟ್ಟರೆ, ಅದರ ಹೊರಚಾಚಿದ ಭಾರವೆಲ್ಲ ಹಳಿಯ ಮೇಲೆ ಬಿದ್ದು ಮೇಜನ್ನು ಒಂದು ಕಡೆಗೆ ಬಗ್ಗಿಸುತ್ತದೆ. ರಂಧ್ರದ ಕೋನವು ಮರದ ಉದ್ದಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ. ನಿಮ್ಮ ಉದ್ದೇಶಕ್ಕೆ ಡ್ರಿಲ್ಲಿನ ತಲೆಯೇ (ಮೋಟಾರು, ಚಕ್ ಇರುವ ಭಾಗ) ಚಲಿಸಬೇಕು, ಮರ ಅಲುಗಾಡದೆ ಮಲಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಡ್ರಾಯರಿನ ಹಳಿಗಳನ್ನು ಮಾತ್ರ ದಯವಿಟ್ಟು ಕೈಬಿಡಿ. ಅವು ಕೆಳಮುಖವಾದ ಭಾರವನ್ನು ಹೊರಲು ಮಾಡಿದವು, ಪಕ್ಕಕ್ಕೆ ಅಲುಗಾಡುವುದು ಅವುಗಳ ಸ್ವಭಾವ. 20 ಮಿ.ಮೀ. ವ್ಯಾಸದ, ಉದ್ದಕ್ಕೂ ಕೆಳಗಿನಿಂದ ಆಧಾರವಿರುವ ಉಕ್ಕಿನ ಸರಳುಗಳು ಮತ್ತು ಅವುಗಳ ಮೇಲೆ ಓಡುವ ಬೇರಿಂಗ್ ಗೂಡುಗಳು ಸಾಕಷ್ಟಾಗುತ್ತವೆ. 15 ಮಿ.ಮೀ. ಅಗಲದ ಚಪ್ಪಟೆ ಹಳಿಗಳು ಸಿಕ್ಕರೆ ಇನ್ನೂ ಒಳ್ಳೆಯದು.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಮರವು ಬಿಟ್ಟನ್ನು ಹಿಂದಕ್ಕೆ ತಳ್ಳುವ ಬಲ ಚಕ್ಕಿನ ನಡುರೇಖೆಯಲ್ಲಿರುತ್ತದೆ. ನೀವು ಮುಂದಕ್ಕೆ ತಳ್ಳುವ ಬಲ ಹಳಿಯ ಮಟ್ಟದಲ್ಲಿದ್ದರೆ, ಈ ಎರಡು ಬಲಗಳೂ ಸೇರಿ ತಲೆಯನ್ನು ತಿರುಚುತ್ತವೆ. ನಡುರೇಖೆ ಹಳಿಗಿಂತ 120 ಮಿ.ಮೀ. ಮೇಲಿದ್ದು, ಒತ್ತಡ 200 ನ್ಯೂಟನ್ ಇದ್ದರೆ, ಆ ತಿರುಚು 24 ನ್ಯೂಟನ್-ಮೀಟರ್ ಆಗುತ್ತದೆ ಮತ್ತು ಅದು ಬಿಟ್ಟಿನ ಮೂತಿಯನ್ನು ಮೇಲಕ್ಕೆತ್ತುತ್ತದೆ. ಬೇರಿಂಗ್‌ಗಳ ನಡುವಿನ ಅಂತರ 150 ಮಿ.ಮೀ. ಇದ್ದು, ಅವುಗಳಲ್ಲಿ 0.2 ಮಿ.ಮೀ. ಸಡಿಲವಿದ್ದರೆ ಸಾಕು, 250 ಮಿ.ಮೀ. ಮುಂದಿರುವ ಬಿಟ್ಟಿನ ತುದಿ ಸುಮಾರು 0.33 ಮಿ.ಮೀ. ಮೇಲೇರುತ್ತದೆ. ಗೂಟದ ಕೀಲಿನಲ್ಲಿ ಇಷ್ಟು ವ್ಯತ್ಯಾಸ ಬೆರಳಿಗೇ ತಗಲುತ್ತದೆ. ತಳ್ಳುವ ಕೊಂಡಿಯನ್ನು ತಲೆಯ ಹಿಂಭಾಗಕ್ಕೆ, ಚಕ್ಕಿನ ನಡುರೇಖೆಯ ಎತ್ತರದಲ್ಲಿಯೇ ಕೂರಿಸಿದರೆ ಎರಡು ಬಲಗಳೂ ಒಂದೇ ಗೆರೆಯ ಮೇಲೆ ಬರುತ್ತವೆ, ತಿರುಚುವಿಕೆ ಹುಟ್ಟುವುದೇ ಇಲ್ಲ. ಇಡೀ ಯಂತ್ರದಲ್ಲಿ ಒಂದೇ ಒಂದು ಕಡೆ ಪಟ್ಟು ಹಿಡಿಯಬೇಕೆಂದರೆ ನಾನು ಹಿಡಿಯುವುದು ಇಲ್ಲಿ.

ಹೊಸಬಡಗಿ

ಜಾರುಹಳಿ ಅವರೇ, ಸಂದೇಹವೊಂದು. ಸರಳುಗಳ ಮೇಲೆ ಬೇರಿಂಗ್ ಬದಲಿಗೆ ಗುಂಡುಗಳಿಲ್ಲದ, ಬರೀ ಕೊಳವೆಯಂತಿರುವ ಸಾಮಾನ್ಯ ಕಂಚಿನ ಬುಷ್‌ಗಳನ್ನು ಹಾಕಿದರೆ ಆಗುವುದಿಲ್ಲವೇ? ಮರದ ಪುಡಿಯಿಂದ ಬೇರಿಂಗ್ ಬೇಗ ಕೆಡುತ್ತದೆ ಎಂದು ಕೇಳಿದ್ದೇನೆ.

ಜಾರುಹಳಿ

ಖಂಡಿತ ಆಗುತ್ತದೆ, ಆದರೆ ಒಂದು ಮಿತಿಯಿದೆ. ಬುಷ್ ಮತ್ತು ಸರಳಿನ ನಡುವಿನ ಘರ್ಷಣೆಯ ಗುಣಾಂಕ 0.25 ಎಂದುಕೊಳ್ಳಿ. ತಳ್ಳುವ ಗೆರೆಯು ಸರಳಿನಿಂದ ಎಷ್ಟು ದೂರವಿದೆಯೋ ಆ ದೂರವು ಎರಡು ಬುಷ್‌ಗಳ ನಡುವಿನ ಅಂತರದ ಎರಡು ಪಟ್ಟನ್ನು ಮೀರಿದರೆ, ಎಷ್ಟೇ ಬಲ ಹಾಕಿದರೂ ತಲೆ ಮುಂದಕ್ಕೆ ಹೋಗದೆ ಕಚ್ಚಿಕೊಳ್ಳುತ್ತದೆ. ಬಲ ಹೆಚ್ಚಿಸಿದಂತೆ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಕಾಲಿನ ಶಕ್ತಿ ಇಲ್ಲಿ ನೆರವಿಗೆ ಬರುವುದಿಲ್ಲ. ಆದ್ದರಿಂದ ಬುಷ್‌ಗಳನ್ನು ಸಾಧ್ಯವಾದಷ್ಟು ದೂರದೂರ ಇಡಿ, ತಳ್ಳುವ ದೂರವನ್ನು ಆ ಅಂತರಕ್ಕಿಂತ ಕಡಿಮೆಯಿಡಿ. ಪುಡಿಯ ವಿಷಯಕ್ಕೆ ಬಂದರೆ, ಬೇರಿಂಗ್ ಗೂಡಿನ ಎರಡೂ ತುದಿಗಳಿಗೆ ಗಟ್ಟಿಯಾದ ಉಣ್ಣೆಬಟ್ಟೆಯ ಒರೆಸುಬಳೆ ಹಾಕಿ, ಹಳಿಯ ಮೇಲೆ ಎಣ್ಣೆ ನಿಲ್ಲದಂತೆ ನೋಡಿಕೊಂಡರೆ ಸಾಕು. ಎಣ್ಣೆ ಮತ್ತು ಪುಡಿ ಸೇರಿದ ಅಂಟೇ ಬೇರಿಂಗನ್ನು ಕೆಡಿಸುವುದು.

ಸನ್ನೆಕೋಲು

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 450 ಮತ್ತು 700 ಮಿ.ಮೀ. ತೋಳುಗಳ ಲೆಕ್ಕದಲ್ಲಿ ಪಾದವು 150 ನ್ಯೂಟನ್ ಒತ್ತಿದರೆ ತಲೆಗೆ ಸಿಗುವುದು 96 ನ್ಯೂಟನ್ ಮಾತ್ರ. ಅಂದರೆ ಸನ್ನೆಯು ನಿಮಗೆ ಲಾಭ ತರುವ ಬದಲು ನಷ್ಟವನ್ನೇ ತರುತ್ತಿದೆ. ತಲೆ ವೇಗವಾಗಿ ಚಲಿಸುತ್ತದೆ, ಬಲ ಕಡಿಮೆಯಾಗುತ್ತದೆ. ತುದಿಮುಖವನ್ನು ಕೊರೆಯುವಾಗ ಬೇಕಾಗಿರುವುದು ಇದಕ್ಕೆ ವಿರುದ್ಧವಾದದ್ದು.

ಒಂದೇ ಸನ್ನೆಯಲ್ಲಿ ಎಲ್ಲವನ್ನೂ ಮಾಡಲು ಹೊರಟಿದ್ದರಿಂದ ಈ ತೊಡಕು ಬಂದಿದೆ. ಇದನ್ನು ಎರಡಾಗಿ ಒಡೆಯಿರಿ. ಕೆಳಗೆ ಪೆಡಲಿನ ಹಲಗೆ, ಅದರ ತಿರುಗುಗೂಟ ಯಂತ್ರದ ಹಿಂಬದಿಯಲ್ಲಿ, ಪಾದ ಒತ್ತುವ ಜಾಗ ಅಲ್ಲಿಂದ 500 ಮಿ.ಮೀ. ಮುಂದೆ. ತಿರುಗುಗೂಟದಿಂದ 300 ಮಿ.ಮೀ. ದೂರದಲ್ಲಿ ಒಂದು ಉಕ್ಕಿನ ಸರಳು ನೇರವಾಗಿ ಮೇಲಕ್ಕೆ ಹೋಗಲಿ. ಮೇಜಿನ ಕೆಳಗೆ, ನೆಲದಿಂದ ಸುಮಾರು 700 ಮಿ.ಮೀ. ಎತ್ತರದಲ್ಲಿ ಎಲ್ ಆಕಾರದ ಚಿಕ್ಕ ಸನ್ನೆಯಿರಲಿ. ಅದರ ಮಲಗಿದ ತೋಳು 300 ಮಿ.ಮೀ., ಕೆಲಸಗಾರನ ಕಡೆಗೆ ಮುಖಮಾಡಿರಲಿ. ನಿಂತ ತೋಳು 250 ಮಿ.ಮೀ., ತಲೆಯ ಹಿಂದೆ ಎದ್ದು ಚಕ್ಕಿನ ನಡುರೇಖೆಯನ್ನು ಮುಟ್ಟಲಿ. ಪಾದ 120 ಮಿ.ಮೀ. ಇಳಿದರೆ ಸರಳು 72 ಮಿ.ಮೀ. ಇಳಿಯುತ್ತದೆ, ತಲೆ 60 ಮಿ.ಮೀ. ಮುಂದೆ ಬರುತ್ತದೆ. ಬಲ ಎರಡು ಪಟ್ಟಾಗುತ್ತದೆ, 100 ನ್ಯೂಟನ್ ಒತ್ತಿದರೆ ಘರ್ಷಣೆಯನ್ನು ಕಳೆದು 200ಕ್ಕೆ ಸ್ವಲ್ಪ ಕಡಿಮೆ ಸಿಗುತ್ತದೆ.

ನಿಂತ ತೋಳಿನ ತುದಿ ನೇರವಾಗಿ ಹೋಗದೆ ಕಮಾನಿನ ಗೆರೆಯಲ್ಲಿ ಚಲಿಸುತ್ತದೆ ಎಂಬುದನ್ನು ಮರೆಯಬಾರದು. 60 ಮಿ.ಮೀ. ಚಲನೆಯ ನಟ್ಟನಡುವೆ ತೋಳು ನೆಟ್ಟಗಿರುವಂತೆ ಜೋಡಿಸಿದರೆ, ಎರಡೂ ಕೊನೆಗಳಲ್ಲಿ ಅದರ ತುದಿ ಸುಮಾರು 1.8 ಮಿ.ಮೀ. ಕೆಳಗಿಳಿಯುತ್ತದೆ. ತೋಳನ್ನು ತಲೆಗೆ ನೇರವಾಗಿ ಬಿಗಿದರೆ ಈ ಇಳಿತ ಹಳಿಯನ್ನು ಹಿಂಡುತ್ತದೆ. ಎರಡೂ ಕಡೆ ತಿರುಗುವ ಪಿನ್ನಿರುವ, 150 ಮಿ.ಮೀ. ಉದ್ದದ ಕೊಂಡಿಯನ್ನು ನಡುವೆ ಹಾಕಿದರೆ ತೊಂದರೆ ತೀರುತ್ತದೆ. ಲಂಬ ಸರಳಿನಲ್ಲಿ ಎಡ ಮತ್ತು ಬಲ ಮರೆಯಿರುವ (ಎರಡು ತುದಿಗಳಲ್ಲಿ ವಿರುದ್ಧ ದಿಕ್ಕಿನ ತಿರುಪುಸುತ್ತುಗಳಿರುವ) ಬಿಗಿತಿರುಪನ್ನು ಸೇರಿಸಿದರೆ ಪೆಡಲಿನ ಎತ್ತರವನ್ನು ನಿಮ್ಮ ಕಾಲಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಪೆಡಲಿನ ಸ್ವಂತ ತೂಕವನ್ನು ಅನೇಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಭಾರವಾದ ಹಲಗೆಯು ತನ್ನಷ್ಟಕ್ಕೇ ಕೆಳಗಿಳಿದು, ತಿರುಗುತ್ತಿರುವ ಬಿಟ್ಟನ್ನು ಮುಂದಕ್ಕೆ ತೆವಳಿಸುತ್ತದೆ. ಪೆಡಲಿಗೆ ಒಂದು ಸ್ಪ್ರಿಂಗ್, ತಲೆಗೆ ಬೇರೊಂದು ಸ್ಪ್ರಿಂಗ್ ಹಾಕಿ. ಉರುಳುವ ಬೇರಿಂಗಿನ ಮೇಲಿರುವ ತಲೆಗೆ ಹಿಂದಕ್ಕೆ ಎಳೆಯುವ 30 ನ್ಯೂಟನ್ ಬಲ ಸಾಕು. ಪಾದಕ್ಕೆ ಅದು 15 ನ್ಯೂಟನ್ ಆಗಿ ಮಾತ್ರ ತಿಳಿಯುತ್ತದೆ.

ಬೇರಿಂಗ್‌ಪೆಟ್ಟಿಗೆ

ಸನ್ನೆಕೋಲು ಅವರ ಲೆಕ್ಕಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಮೋಟಾರಿನ ದಂಡಕ್ಕೆ ಚಕ್ ಅನ್ನು ನೇರವಾಗಿ ಕೂರಿಸುವ ಆಲೋಚನೆಗೆ ಮಾತ್ರ ನನ್ನ ತೀವ್ರ ಆಕ್ಷೇಪವಿದೆ. ಸಾಮಾನ್ಯ ಮೋಟಾರಿನ ದಂಡವನ್ನು ಬೆಲ್ಟಿನ ಪಕ್ಕದ ಎಳೆತಕ್ಕಾಗಿ ರೂಪಿಸಿರುತ್ತಾರೆ. ಒಳಗೆ ಬೇರಿಂಗ್ ಹಿಂದೆ ಅಲೆಯಾಕಾರದ ತೆಳು ವಾಷರ್ ಇದ್ದು, ಬಿಸಿಗೆ ದಂಡ ಹಿಗ್ಗಲು ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನೀವು ಪೆಡಲ್ ಒತ್ತಿದ ಕೂಡಲೇ ದಂಡವು ಆ ವಾಷರನ್ನು ಅಮುಕಿ ಹಿಂದಕ್ಕೆ ಸರಿಯುತ್ತದೆ, ರಂಧ್ರದ ಆಳ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರತ್ಯೇಕವಾದ 20 ಮಿ.ಮೀ. ದಂಡವನ್ನು ಎರಡು 6204 ಸಂಖ್ಯೆಯ ಬೇರಿಂಗ್‌ಗಳ ಮೇಲೆ ಕೂರಿಸಿ, ಮೋಟಾರನ್ನು ಅದರ ಮೇಲ್ಭಾಗದಲ್ಲಿಟ್ಟು ಬೆಲ್ಟಿನಿಂದ ತಿರುಗಿಸಿ. ಆ ಬೇರಿಂಗ್ ಒಳವ್ಯಾಸ 20, ಹೊರವ್ಯಾಸ 47, ಅಗಲ 14 ಮಿ.ಮೀ. ಇರುವಂಥದ್ದು, ಕಾಲಿನ ಒತ್ತಡದಂತಹ ಅಲ್ಪ ನೇರಬಲವನ್ನು ಅದು ಸುಲಭವಾಗಿ ತಡೆಯುತ್ತದೆ. ಹಿಂಭಾಗದ ಬೇರಿಂಗನ್ನು ಎರಡೂ ಕಡೆಯಿಂದ ಬಿಗಿದು, ಮುಂಭಾಗದ್ದನ್ನು ಉದ್ದಕ್ಕೆ ಸರಿಯಲು ಬಿಡಿ, ಇಲ್ಲವಾದರೆ ಬಿಸಿಯೇರಿದಾಗ ಎರಡೂ ಒಂದನ್ನೊಂದು ಹಿಂಡುತ್ತವೆ.

ಬೆಲ್ಟ್ ಬಂದರೆ ವೇಗವನ್ನೂ ಬದಲಿಸಬಹುದು. ಎರಡಕ್ಕೆ ಒಂದರ ಅನುಪಾತದ ಪುಲ್ಲಿಗಳಿಂದ 720, 1440, 2880 ಎಂಬ ಮೂರು ವೇಗಗಳು ದೊರೆಯುತ್ತವೆ. 8 ಮಿ.ಮೀ. ಬಿಟ್ಟಿಗೆ 2880 ಸುತ್ತು ಕೊಟ್ಟರೆ ಅದರ ಅಂಚು ನಿಮಿಷಕ್ಕೆ 72 ಮೀಟರ್ ವೇಗದಲ್ಲಿ ಓಡುತ್ತದೆ. ಅದೇ ಸುತ್ತನ್ನು ಅಗಲವಾದ, ತಳ ಸಮತಟ್ಟಾದ ರಂಧ್ರ ಕೊರೆಯುವ 35 ಮಿ.ಮೀ. ಫೋರ್ಸ್ಟ್‌ನರ್ ಬಿಟ್ಟಿಗೆ ಕೊಟ್ಟರೆ ವೇಗ 316 ಮೀಟರ್ ದಾಟಿ ಮರ ಸುಟ್ಟು ಕಪ್ಪಾಗುತ್ತದೆ, ಬಿಟ್ಟಿನ ಅಂಚೂ ಹದಗೆಡುತ್ತದೆ. 720 ಸುತ್ತಿನಲ್ಲಿ ಅದು 79 ಮೀಟರಿಗೆ ಇಳಿಯುತ್ತದೆ. ತುದಿಮುಖಕ್ಕೆ ನಡುವೆ ಚೂಪುಮೊನೆಯಿರುವ ಬ್ರಾಡ್ ಪಾಯಿಂಟ್ ಬಿಟ್ಟೇ ಯೋಗ್ಯವಾದುದು. ತಿರುಪಿನ ಮೊನೆಯಿರುವ ಬೈರಿಗೆಯ ಬಿಟ್ಟನ್ನು ಈ ಯಂತ್ರಕ್ಕೆ ಎಂದಿಗೂ ಹಾಕಬೇಡಿ. ಅದು ತಾನೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ, ಪೆಡಲ್ ನಿಮ್ಮ ಕಾಲಿನ ಮಾತನ್ನು ಕೇಳುವುದಿಲ್ಲ.

ಚಕ್ಕಿನ ಬಗ್ಗೆ ಇನ್ನೊಂದು ಮಾತು. ಡ್ರಿಲ್ ಚಕ್ ತನ್ನ ಶಂಕುವಿನಾಕಾರದ ಹಿಡಿತದಲ್ಲಿ ಘರ್ಷಣೆಯಿಂದ ಮಾತ್ರ ನಿಂತಿರುತ್ತದೆ. ಹಿಂದಕ್ಕೆ ಒತ್ತುವ ಬಲವಿರುವವರೆಗೆ ಅದು ಗಟ್ಟಿ; ಹೊಟ್ಟು ತುಂಬಿ ಸಿಕ್ಕಿಕೊಂಡ ಬಿಟ್ಟನ್ನು ಹಿಂದಕ್ಕೆ ಎಳೆಯುವಾಗ ಅಥವಾ ಪಕ್ಕಕ್ಕೆ ಒತ್ತಿ ಉದ್ದನೆಯ ತೋಡು ಕೊರೆಯಲು ಹೋದಾಗ ಅದು ತಿರುಗುತ್ತಲೇ ಕಳಚಿ ಬೀಳಬಹುದು. 20 ಮಿ.ಮೀ. ದಂಡದ ಇಆರ್20 ಕೊಲೆಟ್ ಹಿಡಿಕೆಯನ್ನು (ಸೀಳುಬಳೆಯನ್ನು ನಟ್ಟಿನಿಂದ ಬಿಗಿದು ಬಿಟ್ಟನ್ನು ಸುತ್ತಲೂ ಹಿಡಿಯುವಂಥದ್ದು) ಬಳಸಿದರೆ 13 ಮಿ.ಮೀ.ವರೆಗಿನ ಬಿಟ್ಟುಗಳನ್ನು ಅದು ಹಿಡಿಯುತ್ತದೆ, ಓಲಾಟವೂ ಕಡಿಮೆ, ಕಳಚುವ ಭಯವೂ ಇರುವುದಿಲ್ಲ.

ಹೊಸಬಡಗಿ

ಇಷ್ಟೆಲ್ಲ ಓದಿದ ಮೇಲೆ ಕೇಳಬೇಕೆನಿಸಿತು: ಮೋಟಾರನ್ನೇ ಬಿಟ್ಟು, ಹೊಲಿಗೆ ಯಂತ್ರದಂತೆ ಕಾಲಿನಿಂದಲೇ ಬಿಟ್ಟನ್ನೂ ತಿರುಗಿಸಲು ಸಾಧ್ಯವಿಲ್ಲವೇ?

ಸನ್ನೆಕೋಲು

ತಿರುಗಿಸಬಹುದು, ಅದಕ್ಕೆ ಇತಿಹಾಸವೂ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿದ್ದ ಬಾರ್ನ್ಸ್ ಕಂಪನಿ 19ನೇ ಶತಮಾನದಲ್ಲಿ ಕಾಲಿನಿಂದ ತಿರುಗುವ ಗರಗಸ, ಲೇತ್ ಮೊದಲಾದ ಮರಗೆಲಸದ ಯಂತ್ರಗಳನ್ನು ತಯಾರಿಸುತ್ತಿತ್ತು. ಆದರೆ ಮನುಷ್ಯ ಬಹುಹೊತ್ತು ದಣಿಯದೆ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್ ಅಷ್ಟೇ. ಇಲ್ಲಿ ಚರ್ಚಿಸುತ್ತಿರುವ ಮೋಟಾರಿನದು 373 ವ್ಯಾಟ್. ತೂಕದ ಗಾಲಿಯಲ್ಲಿ ಶಕ್ತಿಯನ್ನು ಕೂಡಿಟ್ಟು ಒಂದೊಂದು ರಂಧ್ರಕ್ಕೆ ಖರ್ಚು ಮಾಡಬಹುದಾದರೂ, ಒಂದು ಕಾಲು ತಿರುಗಿಸುತ್ತಾ ಇನ್ನೊಂದರ ಮೇಲೆ ನಿಂತಿರುವಾಗ ತಲೆಯನ್ನು ಮುಂದಕ್ಕೆ ತಳ್ಳುವವರು ಯಾರು? ಆ ಕೆಲಸ ಮತ್ತೆ ಕೈಗೇ ಬರುತ್ತದೆ. ಪೆಡಲಿನ ಉಪಯೋಗವೇ ಕೈಗಳನ್ನು ಬಿಡಿಸುವುದು ಎಂದಾದರೆ, ತಿರುಗಿಸುವುದನ್ನು ಮೋಟಾರಿಗೆ ಬಿಟ್ಟು ತಳ್ಳುವುದನ್ನು ಮಾತ್ರ ಕಾಲು ಮಾಡುವುದು ಸರಿ.

ಹಿಡಿಕ್ಲಾಂಪ್

ಕೈಗಳು ಬಿಡುವಾಗುತ್ತವೆ ಎಂಬ ಮಾತು ಮತ್ತೆ ಮತ್ತೆ ಬಂದಿರುವುದರಿಂದ ಒಂದು ಎಚ್ಚರಿಕೆ ಹೇಳಬೇಕಾಗಿದೆ. ತಲೆ ಚಲಿಸುವ ಯಂತ್ರದಲ್ಲಿ 200 ನ್ಯೂಟನ್ ಒತ್ತಡವೆಲ್ಲ ಮರವನ್ನು ಕೆಲಸಗಾರನ ಕಡೆಗೆ ತಳ್ಳುತ್ತದೆ. ಇದು ಸುಮಾರು 20 ಕಿಲೋ ತೂಕವನ್ನು ತಡೆದು ಹಿಡಿದಂತೆ. ದಿನವಿಡೀ ಬರಿಗೈಯಿಂದ ಹೀಗೆ ಹಿಡಿಯುವುದು ಆಗದ ಮಾತು, ಕೈಗಳು ಮರವನ್ನು ಜಾಗಕ್ಕೆ ತಂದು ಕೂರಿಸಬೇಕು, ಬಿಗಿಯಾಗಿ ಹಿಡಿಯುವ ಕೆಲಸ ಕ್ಲಾಂಪಿನದು.

ಕ್ಲಾಂಪ್ ಎಲ್ಲಿರಬೇಕು ಎಂಬುದಕ್ಕೂ ಲೆಕ್ಕವಿದೆ. ಬಿಟ್ಟಿಗೆ ಎದುರಾಗಿ ನಿಂತು ನೋಡಿದರೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತಿರುತ್ತದೆ, ಮರವನ್ನೂ ಅದೇ ದಿಕ್ಕಿಗೆ ತಿರುಗಿಸಲು ಯತ್ನಿಸುತ್ತದೆ. ಹಾಗಾಗಿ ಮರದ ಎಡಭಾಗ ಮೇಜಿಗೆ ಒತ್ತಿಕೊಳ್ಳುತ್ತದೆ, ಬಲಭಾಗ ಮೇಲೇಳುತ್ತದೆ. ಹಿಡಿಕೆ ಮಡಚಿದರೆ ಬಿಗಿದುಕೊಂಡು ಕೆಳಕ್ಕೆ ಒತ್ತುವ ಟಾಗಲ್ ಕ್ಲಾಂಪ್ ನಿಮ್ಮ ಬಲಗಡೆಗೆ ಇರಬೇಕು. ದುಂಡನೆಯ ಕುರ್ಚಿಕಾಲುಗಳಿಗಾದರೆ ವಿ ಆಕಾರದ ತೋಡಿರುವ ದಿಮ್ಮಿಯನ್ನು ಮೇಜಿಗೆ ಬಿಗಿದು, ಕಾಲನ್ನು ಅದರಲ್ಲಿ ಮಲಗಿಸಿ ಮೇಲಿನಿಂದ ಒತ್ತಿ.

ಪೆಡಲ್ ಒತ್ತಿದಾಗ ಮೊದಲು ಕ್ಲಾಂಪ್ ಬಿಗಿದು, ಆಮೇಲೆ ತಲೆ ಮುಂದೆ ಬರುವಂತೆ ಒಂದೇ ಸರಳಿಗೆ ಎರಡನ್ನೂ ಜೋಡಿಸುವ ವಿನ್ಯಾಸಗಳಿವೆ. ನೋಡಲು ಚೆನ್ನಾಗಿದ್ದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಹೊಟ್ಟು ತುಂಬಿ ಬಿಟ್ಟು ಮರದೊಳಗೆ ಸಿಕ್ಕಿಕೊಂಡಿರುವಾಗ ಪೆಡಲಿನಿಂದ ಕಾಲು ತೆಗೆದರೆ, ತಲೆ ಹಿಂದಕ್ಕೆ ಬರುವ ಮೊದಲೇ ಕ್ಲಾಂಪ್ ಬಿಟ್ಟುಕೊಳ್ಳುತ್ತದೆ. ಮರ ಬಿಟ್ಟಿನ ಜೊತೆ ಗಿರ್ರನೆ ತಿರುಗಿ ಕೈಗೆ ಹೊಡೆಯುತ್ತದೆ. ಕ್ಲಾಂಪ್ ಪ್ರತ್ಯೇಕವಾಗಿಯೇ ಇರಲಿ. ಬಿಟ್ಟಿನ ಹತ್ತಿರ ಕೈಗವಸು ಬೇಡ, ಮೊಣಕಾಲಿನಿಂದ ಒತ್ತಿದರೂ ಮೋಟಾರು ನಿಲ್ಲುವಂತಹ ದೊಡ್ಡ ಸ್ವಿಚ್ ಇರಲಿ, ಪೆಡಲಿನ ಮೇಲೆ ಮರದ ತುಂಡು ಬೀಳದಂತೆ ಮೇಲ್ಹೊದಿಕೆ ಇರಲಿ.

ಗೂಟದಕೀಲು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಿನ್ಯಾಸವನ್ನು ಹೊಸದಾಗಿ ಬರೆದಿದ್ದೇನೆ: ಚಲಿಸುವ ತಲೆ, 20 ಮಿ.ಮೀ. ಸರಳುಗಳು, ಪ್ರತ್ಯೇಕ ದಂಡ, ಎರಡು ಸನ್ನೆಗಳು, ನಡುರೇಖೆಯ ಎತ್ತರದಲ್ಲಿ ಕೊಂಡಿ. ಉಳಿದಿರುವುದು ಎರಡು ವಿಷಯಗಳು. ಪೆಡಲನ್ನು ಒತ್ತುವಾಗ ಹಿಮ್ಮಡಿ ನೆಲದ ಮೇಲಿರಬೇಕೇ? ಯಂತ್ರ ಸಿದ್ಧವಾದ ಮೇಲೆ ಬಿಟ್ಟು ಮೇಜಿಗೆ ಸಮಾನಾಂತರವಾಗಿದೆಯೆಂದು ಪರೀಕ್ಷಿಸುವುದು ಹೇಗೆ? ಮೂಲೆಮಟ್ಟವನ್ನು ಬಿಟ್ಟಿಗೆ ಹಿಡಿದು ನೋಡಿದರೆ ಸಾಕೇ?

ಸನ್ನೆಕೋಲು

ಹಿಮ್ಮಡಿ ನೆಲದ ಮೇಲಿದ್ದರೆ ದಣಿವು ಬಹಳ ಕಡಿಮೆ. ಪಾದವು 25 ಡಿಗ್ರಿ ಬಾಗಿದರೆ ಮುಂಗಾಲು ಸುಮಾರು 85 ಮಿ.ಮೀ. ಇಳಿಯುತ್ತದೆ, ತಲೆ 42 ಮಿ.ಮೀ. ಮುಂದೆ ಬರುತ್ತದೆ. 40 ಮಿ.ಮೀ. ಉದ್ದದ ಗೂಟಕ್ಕೆ ಒಂದೊಂದು ಕಡೆ ಬೇಕಾಗಿರುವುದು ಅಂಟಿನ ಜಾಗ ಸೇರಿ 22 ಮಿ.ಮೀ. ಮಾತ್ರ, ಹಾಗಾಗಿ ದಿನನಿತ್ಯದ ಕೆಲಸ ಹಿಮ್ಮಡಿ ಎತ್ತದೆಯೇ ನಡೆಯುತ್ತದೆ. ಆಳವಾದ ರಂಧ್ರ ಬೇಕಾದಾಗ ಮಾತ್ರ ಇಡೀ ಪಾದವನ್ನು ಬಳಸಿ. ಪೆಡಲಿನ ಪಟ್ಟಿಯನ್ನು ಯಂತ್ರದ ಅಗಲಕ್ಕೂ ಮಾಡಿದರೆ ಎಡಗಾಲು ಬಲಗಾಲುಗಳನ್ನು ಬದಲಿಸುತ್ತಾ ಕೆಲಸ ಮಾಡಬಹುದು.

ಪೆಡಲಿನ ಕೆಳಗೆ ಅಡ್ಡೆಯಿಟ್ಟು ಆಳವನ್ನು ನಿಯಂತ್ರಿಸುವ ಯೋಚನೆ ಇನ್ನೂ ಉಳಿದಿದ್ದರೆ ಅದನ್ನು ತೆಗೆದುಹಾಕಿ. ಪೆಡಲಿನಿಂದ ತಲೆಯವರೆಗೆ ಇರುವ ಎಲ್ಲ ಪಿನ್ನುಗಳ ಸಡಿಲವೂ ಆ ಅಳತೆಯೊಳಗೆ ಸೇರಿಕೊಳ್ಳುತ್ತದೆ. ತಡೆಯು ಚೌಕಟ್ಟಿನಲ್ಲಿರಬೇಕು, ಅದಕ್ಕೆ ಬಡಿಯುವುದು ತಲೆಯೇ ಆಗಿರಬೇಕು.

ಜಾರುಹಳಿ

ಬಿಟ್ಟಿನ ತೋಡುಗಳಿಗೆ ಮೂಲೆಮಟ್ಟ ಸರಿಯಾಗಿ ತಗಲುವುದಿಲ್ಲ, ಅದನ್ನು ನಂಬಬೇಡಿ. ಕೊರೆದ ರಂಧ್ರವನ್ನೇ ಕೇಳಬೇಕು. ಒಂದೇ ಪಟ್ಟಿಯಿಂದ ಚೌಕವಾಗಿ ಕತ್ತರಿಸಿದ ಎರಡು ತುಂಡುಗಳನ್ನು ತೆಗೆದುಕೊಂಡು, ಎರಡರಲ್ಲೂ ಗುರುತು ಮಾಡಿದ ಮುಖವನ್ನು ಕೆಳಗೆ ಮಾಡಿ ತುದಿಗಳನ್ನು ಕೊರೆಯಿರಿ. ನೇರವಾದ ಉಕ್ಕಿನ ಸರಳಿನಿಂದ ಎರಡನ್ನೂ ತುದಿಗೆ ತುದಿ ಸೇರಿಸಿ, ಗುರುತಿನ ಮುಖಗಳೆರಡೂ ಒಂದೇ ಕಡೆ ಇರುವಂತೆ ಸಮತಟ್ಟಾದ ಮೇಲ್ಮೈ ಮೇಲಿಡಿ. ಬಿಟ್ಟು ಮೇಲಕ್ಕೋ ಕೆಳಕ್ಕೋ ವಾಲಿದ್ದರೆ ಜೋಡಿಯಲ್ಲಿ ಬಾಗು ಕಾಣಿಸುತ್ತದೆ, ಆ ಬಾಗು ನಿಜವಾದ ದೋಷದ ಎರಡು ಪಟ್ಟಿರುತ್ತದೆ. ಪಕ್ಕದ ವಾಲಿಕೆ ಈ ಜೋಡಣೆಯಲ್ಲಿ ಕಾಣುವುದಿಲ್ಲ, ಏಕೆಂದರೆ ಎರಡು ತುಂಡುಗಳ ದೋಷವೂ ಒಂದನ್ನೊಂದು ಸರಿದೂಗಿಸುತ್ತದೆ. ಈಗ ಒಂದು ತುಂಡಿನ ಗುರುತಿನ ಮುಖವನ್ನು ಮೇಲೆ ಮಾಡಿ ಮತ್ತೆ ಸೇರಿಸಿ. ಈ ಸಲ ಪಕ್ಕದ ವಾಲಿಕೆ ಎರಡು ಪಟ್ಟಾಗಿ ಕಾಣುತ್ತದೆ, ಮೇಲುಕೆಳಗಿನದು ಮರೆಯಾಗುತ್ತದೆ. ಹೀಗೆ ಎರಡನ್ನೂ ಬೇರೆಬೇರೆಯಾಗಿ ಕಂಡುಕೊಂಡು, ಬೇರಿಂಗ್ ಪೆಟ್ಟಿಗೆಯ ಕೆಳಗೆ ತೆಳುವಾದ ಹಿತ್ತಾಳೆಯ ಹಾಳೆಗಳನ್ನು ಸೇರಿಸಿ ಸರಿಪಡಿಸಬಹುದು.

ಮೇಜಿನ ಎತ್ತರದ ಬಗ್ಗೆಯೂ ಹೇಳಿಬಿಡುತ್ತೇನೆ. 18 ಮಿ.ಮೀ. ಹಲಗೆಗೆ ರಂಧ್ರ ಸರಿಯಾಗಿ 9 ಮಿ.ಮೀ.ನಲ್ಲಿಯೇ ಬರಬೇಕೆಂಬ ಹಟ ಬೇಡ. ಸೇರಬೇಕಾದ ಎರಡು ತುಂಡುಗಳ ಹೊರಮುಖಗಳನ್ನೂ ಕೆಳಗೆ ಮಾಡಿ ಕೊರೆದರೆ, ಹಲಗೆಯ ದಪ್ಪದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಹೊರಮುಖಗಳು ಸಮವಾಗಿ ಕೂರುತ್ತವೆ.

ಗೂಟದಕೀಲು

ತುಂಡನ್ನು ತಿರುಗಿಸಿ ನೋಡುವ ಪರೀಕ್ಷೆ ಬಹಳ ಉಪಯುಕ್ತ. ಆಳದ ತಡೆಗೆ ಎಂ8 (8 ಮಿ.ಮೀ.) ಬೋಲ್ಟನ್ನು ಚೌಕಟ್ಟಿನಲ್ಲಿ ಕೂರಿಸಿ, ತಲೆಯ ತಟ್ಟೆ ಅದಕ್ಕೆ ಬಡಿಯುವಂತೆ ಮಾಡುತ್ತೇನೆ. ಅದರ ಮರೆಯ ಅಂತರ 1.25 ಮಿ.ಮೀ. ಆದ್ದರಿಂದ ಕಾಲು ಸುತ್ತಿಗೆ 0.3 ಮಿ.ಮೀ.ನಷ್ಟು ಆಳ ಬದಲಾಗುತ್ತದೆ, ಗೂಟದ ಕೆಲಸಕ್ಕೆ ಇಷ್ಟು ಸೂಕ್ಷ್ಮತೆ ಸಾಕು.

ಬೇರಿಂಗ್‌ಪೆಟ್ಟಿಗೆ

ಸಾಕು. ಆದರೆ ಬೋಲ್ಟಿಗೆ ಎದುರುನಟ್ಟನ್ನು ಹಾಕಿ ಬಿಗಿಯಿರಿ, ಇಲ್ಲದಿದ್ದರೆ ತಲೆ ಬಡಿಯುವ ಅದುರಿಗೆ ಅದು ನಿಧಾನವಾಗಿ ತಿರುಗುತ್ತದೆ. ಬೋಲ್ಟಿನ ತುದಿ ಮುಟ್ಟುವ ಕಡೆ ತಲೆಯ ತಟ್ಟೆಗೆ ಗಟ್ಟಿ ಉಕ್ಕಿನ ಚಿಕ್ಕ ತುಂಡನ್ನು ಕೂರಿಸಿ. ಅಲ್ಯೂಮಿನಿಯಂ ತಟ್ಟೆಯಾದರೆ ಅಲ್ಲಿ ಗುಳಿ ಬಿದ್ದು ಆಳ ಹೆಚ್ಚುತ್ತಾ ಹೋಗುತ್ತದೆ.